ಪಕ್ಕದ ವಿಶ್ವವೂ ಇರಬಹುದಾಗಿದ್ದ ಜಗತ್ತೂ ಒಂದೇ ಅಲ್ಲ

2024ರ ಡಿಸೆಂಬರ್ 9ರಂದು ಗೂಗಲ್ ಸಂಸ್ಥೆ ವಿಲ್ಲೋ ಎಂಬ ಹೊಸ ಕ್ವಾಂಟಂ ಚಿಪ್ಪನ್ನು ಪ್ರಕಟಿಸಿತು. ಇಂದಿನ ಅತಿ ವೇಗದ ಸೂಪರ್ ಕಂಪ್ಯೂಟರಿಗೆ 1ರ ಮುಂದೆ 25 ಸೊನ್ನೆ ಹಾಕಿದಷ್ಟು ವರ್ಷಗಳು ಬೇಕಾಗಬಹುದೆಂದು ಅಂದಾಜಿಸಿದ ಒಂದು ಲೆಕ್ಕವನ್ನು 105 ಕ್ಯೂಬಿಟ್‌ಗಳ (ಕ್ವಾಂಟಂ ಗಣನೆಯ ಮೂಲ ಘಟಕಗಳ) ಈ ಚಿಪ್ಪು ಐದು ನಿಮಿಷದೊಳಗೆ ಮುಗಿಸಿತೆಂಬುದು ಅಂದಿನ ಸುದ್ದಿ. ಆದರೆ ಹೆಚ್ಚು ಜನರ ಕಿವಿ ನೆಟ್ಟಗಾದದ್ದು ಆ ಸಂಖ್ಯೆಗಲ್ಲ. ಗೂಗಲ್‌ನ ಕ್ವಾಂಟಂ ವಿಭಾಗದ ಮುಖ್ಯಸ್ಥ ಹಾರ್ಟ್‌ಮುಟ್ ನೆವೆನ್ ತಮ್ಮ ಪ್ರಕಟಣೆಯಲ್ಲಿ, ಕ್ವಾಂಟಂ ಗಣನೆಯು ಅನೇಕ ಸಮಾನಾಂತರ ವಿಶ್ವಗಳಲ್ಲಿ ನಡೆಯುತ್ತದೆ ಎಂಬ ವಿಚಾರಕ್ಕೆ ಈ ಫಲಿತಾಂಶ ಬಲ ಕೊಡುತ್ತದೆ ಎಂದು ಒಂದು ಸಾಲು ಬರೆದಿದ್ದರು. ಅಲ್ಲಿಯವರೆಗೆ ಜನಸಾಮಾನ್ಯರಿಗೆ ಹೆಚ್ಚಾಗಿ ಕಾದಂಬರಿ, ಸಿನಿಮಾಗಳಲ್ಲಿ ಕೇಳಿಬರುತ್ತಿದ್ದ ಸಮಾನಾಂತರ ವಿಶ್ವವು ಅಂದು ಸುದ್ದಿಪುಟಕ್ಕೆ ಬಂತು.

ಅದರ ಬೆನ್ನಿಗೇ ಬಂದ ಪ್ರಶ್ನೆ ಎಲ್ಲರಿಗೂ ಪರಿಚಿತವಾದದ್ದು: ಪಿಯುಸಿಯಲ್ಲಿ ವಿಜ್ಞಾನದ ಬದಲು ಕಲಾ ವಿಭಾಗವನ್ನು ಆರಿಸಿಕೊಂಡ ನಾನು ಇನ್ನೊಂದು ವಿಶ್ವದಲ್ಲಿ ಇದ್ದೇನೆಯೇ? ಕೇಳಲು ಸರಳವಾದ ಈ ಪ್ರಶ್ನೆಯಲ್ಲಿ ಎರಡು ಬೇರೆ ವಿಚಾರಗಳು ಹೆಣೆದುಕೊಂಡಿವೆ. ಇರುವುದರಲ್ಲಿ ಏನೇನಿದೆ ಎಂಬುದು ಭೌತಶಾಸ್ತ್ರದ ಪ್ರಶ್ನೆ. ಏನೇನು ಆಗಬಹುದಾಗಿತ್ತು, ಹಾಗೆ ಹೇಳುವುದರ ಅರ್ಥವೇನು ಎಂಬುದು ತತ್ವಶಾಸ್ತ್ರದ ಪ್ರಶ್ನೆ. ಮೊದಲನೆಯ ಪ್ರಶ್ನೆಯಿಂದ ಸಮಾನಾಂತರ ವಿಶ್ವಗಳ ಸಿದ್ಧಾಂತಗಳು ಬಂದವು, ಎರಡನೆಯದರಿಂದ ಸಾಧ್ಯ ಜಗತ್ತುಗಳ ಸಿದ್ಧಾಂತ ಬಂತು. ಇವೆರಡರ ಸಂಬಂಧವೇನು ಎಂಬುದನ್ನು ಬುಡದಿಂದ ನೋಡೋಣ.

ಭೌತಶಾಸ್ತ್ರದಲ್ಲಿ ಒಂದೇ ಹೆಸರು, ಮೂರು ಕಲ್ಪನೆ

ಸಮಾನಾಂತರ ವಿಶ್ವ, ಬಹುವಿಶ್ವ ಎಂಬ ಹೆಸರುಗಳಡಿ ಕನಿಷ್ಠ ಮೂರು ಕಲ್ಪನೆಗಳು ಸೇರಿಕೊಂಡಿವೆ, ಮತ್ತು ಒಂದು ಸರಿಯಾದರೆ ಇನ್ನೊಂದು ಸರಿಯಾಗಲೇಬೇಕೆಂದೇನೂ ಇಲ್ಲ.

ಮೊದಲನೆಯದು ಬರಿಯ ದೂರಕ್ಕೆ ಸಂಬಂಧಿಸಿದ್ದು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷವಾದ್ದರಿಂದ, ಅಷ್ಟು ಕಾಲದಲ್ಲಿ ಯಾವ ಪ್ರದೇಶದ ಬೆಳಕು ನಮ್ಮನ್ನು ತಲುಪಿದೆಯೋ ಅಷ್ಟನ್ನೇ ನಾವು ಕಾಣಬಲ್ಲೆವು. ವಿಶ್ವ ಹಿಗ್ಗುತ್ತಿರುವುದರಿಂದ ಆ ಪ್ರದೇಶದ ಇಂದಿನ ವ್ಯಾಸ ಸುಮಾರು 9300 ಕೋಟಿ ಜ್ಯೋತಿರ್ವರ್ಷಗಳಷ್ಟಾಗಿದೆ. ಅದರಾಚೆಗೂ ಆಕಾಶ ಮುಂದುವರಿದಿದ್ದು, ಅದು ನಿಜಕ್ಕೂ ಅನಂತವಾಗಿದ್ದರೆ, ಒಂದು ಗೊತ್ತಾದ ಜಾಗದೊಳಗೆ ಕಣಗಳನ್ನು ಜೋಡಿಸಬಹುದಾದ ಬಗೆಗಳು ಸೀಮಿತವಾದ ಕಾರಣ, ಅದೇ ಜೋಡಣೆ ಎಲ್ಲೋ ಒಂದು ಕಡೆ ಮರುಕಳಿಸುತ್ತದೆ ಎಂಬ ವಾದವಿದೆ. ನಿಮ್ಮಂತೆಯೇ ಇರುವ ಇನ್ನೊಬ್ಬರು ಎಷ್ಟು ದೂರದಲ್ಲಿರಬಹುದೆಂದು ಭೌತವಿಜ್ಞಾನಿ ಮ್ಯಾಕ್ಸ್ ಟೆಗ್‌ಮಾರ್ಕ್ 2003ರಲ್ಲಿ ಲೆಕ್ಕ ಹಾಕಿದ್ದರು. 1ರ ಮುಂದೆ ಕೋಟಿ ಕೋಟಿ ಕೋಟಿ ಕೋಟಿ ಸೊನ್ನೆಗಳನ್ನು ಬರೆದರೆ ಎಷ್ಟಾಗುವುದೋ ಅಷ್ಟು ಮೀಟರ್ ದೂರ! ಇಲ್ಲಿ ವಿಚಿತ್ರವಾದ ನಿಯಮವೇನೂ ಇಲ್ಲ, ಜಾಗ ದೊಡ್ಡದಿದೆ ಅಷ್ಟೇ.

ಎರಡನೆಯದು ವಿಶ್ವದ ಹುಟ್ಟಿಗೆ ಸಂಬಂಧಿಸಿದ್ದು. ವಿಶ್ವವು ತನ್ನ ಆರಂಭದ ಕ್ಷಣದಲ್ಲಿ ಊಹೆಗೂ ಮೀರಿದ ವೇಗದಲ್ಲಿ ಹಿಗ್ಗಿತು ಎಂಬ ಇನ್‌ಫ್ಲೇಶನ್ ಸಿದ್ಧಾಂತವನ್ನು ಆಲನ್ ಗುತ್ 1981ರಲ್ಲಿ ಮಂಡಿಸಿದರು. ಈ ಹಿಗ್ಗುವಿಕೆ ಒಂದು ಕಡೆ ನಿಂತರೂ ಬೇರೆ ಕಡೆಗಳಲ್ಲಿ ನಡೆದೇ ಇರುತ್ತದೆ, ನಿಂತ ಕಡೆಗಳಲ್ಲೆಲ್ಲ ಒಂದೊಂದು ಗುಳ್ಳೆಯಂತೆ ಒಂದೊಂದು ವಿಶ್ವ ರೂಪುಗೊಳ್ಳುತ್ತದೆ ಎಂದು ಅಲೆಕ್ಸಾಂಡರ್ ವಿಲೆಂಕಿನ್ ಮತ್ತು ಆಂಡ್ರೇ ಲಿಂಡೆ ಅದೇ ದಶಕದಲ್ಲಿ ವಾದಿಸಿದರು. ಗುಳ್ಳೆಯಿಂದ ಗುಳ್ಳೆಗೆ ಕಣಗಳ ತೂಕ, ಬಲಗಳ ಪ್ರಮಾಣ ಮೊದಲಾದವು ಬೇರೆಯಾಗಿರಬಹುದು.

ಮೂರನೆಯದು, ಪರಮಾಣುವಿನಷ್ಟು ಚಿಕ್ಕ ವಸ್ತುಗಳ ವರ್ತನೆಯನ್ನು ವಿವರಿಸುವ ಕ್ವಾಂಟಂ ಸಿದ್ಧಾಂತದಿಂದ ಬಂದದ್ದು. ನೆವೆನ್ ಹೇಳಿದ್ದು ಇದನ್ನೇ ಕುರಿತು. ತತ್ವಶಾಸ್ತ್ರದ ಸಾಧ್ಯ ಜಗತ್ತುಗಳೊಡನೆ ಹೆಚ್ಚಾಗಿ ಬೆರಕೆಯಾಗುವುದೂ ಇದೇ ಆದ್ದರಿಂದ ಇದನ್ನು ತುಸು ನಿಧಾನವಾಗಿ ನೋಡಬೇಕು.

ಅರೆಗನ್ನಡಿಯ ಮುಂದೆ ಒಂದು ಫೋಟಾನ್

ಬೀಳುವ ಬೆಳಕಿನಲ್ಲಿ ಅರ್ಧವನ್ನು ಒಳಗೆ ಬಿಟ್ಟು ಅರ್ಧವನ್ನು ಪ್ರತಿಫಲಿಸುವ ಗಾಜೊಂದನ್ನು ಮೇಜಿನ ಮೇಲೆ ಓರೆಯಾಗಿ ನಿಲ್ಲಿಸಿದ್ದಾರೆ ಎಂದುಕೊಳ್ಳಿ. ಅದರ ಮೇಲೆ ಬೆಳಕಿನ ಒಂದೊಂದೇ ಕಣವನ್ನು, ಅಂದರೆ ಒಂದೊಂದೇ ಫೋಟಾನನ್ನು ಬಿಡುತ್ತಾರೆ. ಅದು ಹೋಗಬಹುದಾದ ದಾರಿಗಳು ಎರಡು. ಆ ಎರಡು ದಾರಿಗಳನ್ನೂ ಕನ್ನಡಿಗಳ ಸಹಾಯದಿಂದ ತಿರುಗಿಸಿ, ಅದೇ ಬಗೆಯ ಇನ್ನೊಂದು ಅರೆಗನ್ನಡಿಯ ಬಳಿ ಸೇರಿಸುತ್ತಾರೆ. ಅದರಾಚೆಗೆ ಎರಡು ದಿಕ್ಕಿನಲ್ಲಿ ಎರಡು ಡಿಟೆಕ್ಟರ್‌ಗಳಿವೆ. ಫೋಟಾನು ಯಾವುದೋ ಒಂದು ದಾರಿಯಲ್ಲಿ ಮಾತ್ರ ಬಂದಿದ್ದರೆ, ಎರಡನೆಯ ಅರೆಗನ್ನಡಿಯಲ್ಲಿ ಮತ್ತೆ ಅರ್ಧಕ್ಕರ್ಧ ಅವಕಾಶವಿರಬೇಕು, ಎರಡು ಡಿಟೆಕ್ಟರ್‌ಗಳೂ ಸಮನಾಗಿ ಸದ್ದು ಮಾಡಬೇಕು. ಆದರೆ ದಾರಿಗಳ ಉದ್ದವನ್ನು ಸರಿಯಾಗಿ ಹೊಂದಿಸಿದಾಗ ಒಂದು ಡಿಟೆಕ್ಟರ್ ಮಾತ್ರ ಸದ್ದು ಮಾಡುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಈಗ ಒಂದು ದಾರಿಗೆ ಕೈ ಅಡ್ಡ ಹಿಡಿದರೆ, ಸುಮ್ಮನಿದ್ದ ಡಿಟೆಕ್ಟರ್ ಕೂಡ ಸದ್ದು ಮಾಡಲು ತೊಡಗುತ್ತದೆ. ದಾರಿಯೊಂದನ್ನು ಮುಚ್ಚಿದ್ದರಿಂದ, ಮೊದಲು ಬೆಳಕು ತಲುಪದಿದ್ದ ಕಡೆಗೆ ಬೆಳಕು ತಲುಪಿತು! ಒಂದೇ ಫೋಟಾನಿನ ವರ್ತನೆ ಎರಡು ದಾರಿಗಳ ಸ್ಥಿತಿಯನ್ನೂ ಅವಲಂಬಿಸಿದೆ ಎಂದಲ್ಲದೆ ಇದಕ್ಕೆ ಬೇರೆ ವಿವರಣೆ ಕೊಡುವುದು ಕಷ್ಟ.

ಈ ಇಬ್ಬಗೆಯ ಸ್ಥಿತಿಯನ್ನು ಸೂಪರ್‌ಪೊಸಿಷನ್ ಎನ್ನುತ್ತಾರೆ. ಅದು ಕಾಲದೊಡನೆ ಹೇಗೆ ಬದಲಾಗುತ್ತದೆ ಎಂಬುದನ್ನು 1926ರಲ್ಲಿ ಶ್ರೋಡಿಂಗರ್ ಕೊಟ್ಟ ಸಮೀಕರಣ ಚಾಚೂತಪ್ಪದೆ ಹೇಳುತ್ತದೆ. ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಮೊದಲ ಅರೆಗನ್ನಡಿಯ ಆಚೆ, ಎರಡು ದಾರಿಗಳಲ್ಲೂ ಒಂದೊಂದು ಡಿಟೆಕ್ಟರ್ ಇಟ್ಟು ನೋಡಿದರೆ ಫೋಟಾನು ಯಾವಾಗಲೂ ಒಂದೇ ಕಡೆ ಸಿಗುತ್ತದೆ. ಸಮೀಕರಣವು ಎರಡನ್ನೂ ಉಳಿಸಿಕೊಂಡಿರುವಾಗ ಕಣ್ಣಿಗೆ ಒಂದೇ ಏಕೆ ಕಾಣುತ್ತದೆ? ಅಳತೆ ಮಾಡಿದ ಕ್ಷಣದಲ್ಲಿ ಒಂದು ಸಾಧ್ಯತೆ ಉಳಿದು ಇನ್ನೊಂದು ಅಳಿದುಹೋಗುತ್ತದೆ ಎಂಬುದು ಪಠ್ಯಪುಸ್ತಕಗಳ ಉತ್ತರ. ಆದರೆ ಅಳತೆ ಎಂದರೇನು, ಡಿಟೆಕ್ಟರ್ ಕೂಡ ಪರಮಾಣುಗಳಿಂದಲೇ ಆದದ್ದಲ್ಲವೇ, ಅದಕ್ಕೆ ಮಾತ್ರ ಬೇರೆ ನಿಯಮ ಏಕೆ ಎಂಬ ಪ್ರಶ್ನೆಗಳಿಗೆ ಆ ಉತ್ತರದಲ್ಲಿ ಜಾಗವಿಲ್ಲ.

1957ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಹ್ಯೂ ಎವೆರೆಟ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಬೇರೆ ದಾರಿ ಹಿಡಿದರು. ಸಮೀಕರಣವನ್ನು ಫೋಟಾನಿಗೆ ಮಾತ್ರವಲ್ಲದೆ ಡಿಟೆಕ್ಟರಿಗೂ, ಅದನ್ನು ನೋಡುವ ಮನುಷ್ಯನಿಗೂ ಅನ್ವಯಿಸಿ, ಏನನ್ನೂ ಅಳಿಸಬೇಡಿ ಎಂಬುದು ಅವರ ಸಲಹೆಯ ತಿರುಳು. ಹಾಗೆ ಮಾಡಿದರೆ ಕೊನೆಗೆ ಉಳಿಯುವ ಸ್ಥಿತಿಯಲ್ಲಿ ಎರಡು ಕವಲುಗಳಿರುತ್ತವೆ: ಒಂದರಲ್ಲಿ ಎಡಗಡೆಯ ಡಿಟೆಕ್ಟರ್ ಸದ್ದು ಮಾಡಿದೆ, ನೋಡುವವಳು ಎಡವೆಂದು ಬರೆದುಕೊಂಡಿದ್ದಾಳೆ, ಇನ್ನೊಂದರಲ್ಲಿ ಬಲಗಡೆಯದು ಸದ್ದು ಮಾಡಿದೆ, ಅವಳು ಬಲವೆಂದು ಬರೆದುಕೊಂಡಿದ್ದಾಳೆ. ಈ ಕವಲುಗಳು ಸುತ್ತಲಿನ ಗಾಳಿ, ಬೆಳಕು, ಶಾಖಗಳೊಡನೆ ಬೆರೆತುಹೋದ ಮೇಲೆ ಒಂದನ್ನೊಂದು ತಾಗುವುದು ವ್ಯಾವಹಾರಿಕವಾಗಿ ಅಸಾಧ್ಯವಾಗುತ್ತದೆ. ಡಿಕೊಹೆರೆನ್ಸ್ ಎಂದು ಕರೆಯುವ ಈ ಪ್ರಕ್ರಿಯೆಯನ್ನು 1970ರ ನಂತರ ಡೀಟರ್ ಝೇ, ವೋಯ್ಚೆಕ್ ಝುರೆಕ್ ಮೊದಲಾದವರು ವಿವರವಾಗಿ ತಿಳಿಸಿಕೊಟ್ಟರು. ಕವಲುಗಳಿಗೆ "ಅನೇಕ ಜಗತ್ತುಗಳು" ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಎವೆರೆಟ್ ಅವರಿಂದಲ್ಲ, 1970ರ ದಶಕದಲ್ಲಿ ಬ್ರೈಸ್ ಡಿವಿಟ್ ಅವರಿಂದ.

ವಿಲ್ಲೋ ಚಿಪ್ಪು ಇದಕ್ಕೆ ಸಾಕ್ಷಿಯೇ? ಕ್ವಾಂಟಂ ಕಂಪ್ಯೂಟರಿನ ಕಲ್ಪನೆಗೆ 1985ರಲ್ಲಿ ಗಟ್ಟಿ ಬುನಾದಿ ಹಾಕಿದ ಡೇವಿಡ್ ಡಾಯ್ಚ್, ಇಂಥ ಯಂತ್ರದ ಕೆಲಸವನ್ನು ಅನೇಕ ವಿಶ್ವಗಳಿಲ್ಲದೆ ವಿವರಿಸಲಾಗದು ಎನ್ನುತ್ತಾರೆ. ಆದರೆ ಚಿಪ್ಪಿನಿಂದ ಯಾವ ಫಲಿತಾಂಶ ಬರಬೇಕೆಂದು ಎವೆರೆಟ್ ಪಕ್ಷದವರು ಹಾಕುವ ಲೆಕ್ಕವನ್ನೇ, ಕ್ವಾಂಟಂ ಸಿದ್ಧಾಂತಕ್ಕೆ ಬೇರೆ ಅರ್ಥ ಹೇಳುವ ಉಳಿದ ವ್ಯಾಖ್ಯಾನಗಳವರೂ ಹಾಕುತ್ತಾರೆ, ಇಬ್ಬರಿಗೂ ಅದೇ ಉತ್ತರ ಬರುತ್ತದೆ. ಹೀಗಾಗಿ ಚಿಪ್ಪು ಕೆಲಸ ಮಾಡಿದ್ದು ಕ್ವಾಂಟಂ ಸಿದ್ಧಾಂತದ ಗೆಲುವೇ ಹೊರತು ಅದರ ಒಂದು ವ್ಯಾಖ್ಯಾನದ ಗೆಲುವಲ್ಲ. 2025ರಲ್ಲಿ ನೇಚರ್ ಪತ್ರಿಕೆ ಸಾವಿರಕ್ಕೂ ಹೆಚ್ಚು ಸಂಶೋಧಕರ ಅಭಿಪ್ರಾಯ ಕೇಳಿದಾಗ ಶೇ. 36ರಷ್ಟು ಮಂದಿ ಹಳೆಯ ಕೋಪನ್‌ಹೇಗನ್ ವ್ಯಾಖ್ಯಾನದ (ಮೇಲೆ ಹೇಳಿದ ಪಠ್ಯಪುಸ್ತಕಗಳ ಉತ್ತರದ) ಕಡೆ ಒಲಿದರೆ, ಅನೇಕ ಜಗತ್ತುಗಳ ಪರ ನಿಂತವರು ಶೇ. 15ರಷ್ಟು.

ತತ್ವಶಾಸ್ತ್ರಕ್ಕೆ ಬೇರೆ ಜಗತ್ತು ಏಕೆ ಬೇಕಾಯಿತು

"ಬಸ್ಸು ತಪ್ಪದೆ ಇದ್ದಿದ್ದರೆ ನಾನು ಸಂದರ್ಶನಕ್ಕೆ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದೆ." ಈ ವಾಕ್ಯ ನಿಜವಿರಬಹುದು, ಸುಳ್ಳೂ ಇರಬಹುದು. ಆದರೆ ಯಾವುದನ್ನು ನೋಡಿ ಹಾಗೆ ತೀರ್ಮಾನಿಸುತ್ತೇವೆ? ಬಸ್ಸು ತಪ್ಪಿದ್ದು ನಡೆದ ಸಂಗತಿ. ತಪ್ಪದೆ ಇದ್ದದ್ದು ಎಲ್ಲೂ ನಡೆದಿಲ್ಲ. ನಡೆಯದೇ ಹೋದದ್ದರ ಕುರಿತ ಮಾತು ನಿಜವಾಗುವುದು ಹೇಗೆ ಎಂಬ ಈ ಪ್ರಶ್ನೆಯಿಂದಲೇ ಸಾಧ್ಯ ಜಗತ್ತುಗಳ ವಿಚಾರಕ್ಕೆ ತೂಕ ಬರುತ್ತದೆ. ಇಂಥ ವಾಕ್ಯಗಳು ನಮ್ಮ ನ್ಯಾಯದರ್ಶನಕ್ಕೂ ಹೊಸತಲ್ಲ. ಬೆಂಕಿ ಇಲ್ಲದೇ ಇದ್ದಿದ್ದರೆ ಹೊಗೆಯೂ ಇರುತ್ತಿರಲಿಲ್ಲ ಎಂಬ ಮಾತನ್ನು ನೈಯಾಯಿಕರು ತರ್ಕ ಎಂಬುದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಆದರೆ ಅವರಿಗೆ ಅದು ಅನುಮಾನದಲ್ಲಿ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದರಲ್ಲಿ, ಏಳುವ ಸಂಶಯವನ್ನು ಕಳೆಯುವ ಉಪಾಯವಾಗಿತ್ತು. ಅದಕ್ಕಾಗಿ ಬೇರೆ ಜಗತ್ತುಗಳನ್ನು ಒಪ್ಪುವ ಅಗತ್ಯ ಅವರಿಗೆ ಬೀಳಲಿಲ್ಲ.

ಸಾಧ್ಯ ಜಗತ್ತು ಎಂದರೆ ಎಲ್ಲ ಸಂಗತಿಗಳೂ, ಮೊದಲಿನಿಂದ ಕೊನೆಯವರೆಗೆ, ಒಂದಕ್ಕೊಂದು ವಿರೋಧವಿಲ್ಲದೆ ಇರಬಹುದಾದ ಒಂದು ಸಂಪೂರ್ಣ ರೀತಿ. ಆ ರೀತಿಗಳಲ್ಲಿ ಒಂದು ನಿಜವಾಗಿದೆ, ಅದು ನಮ್ಮದು. ದೇವರು ಅನಂತ ಸಾಧ್ಯ ಜಗತ್ತುಗಳನ್ನು ಕಂಡು ಅವುಗಳಲ್ಲಿ ಶ್ರೇಷ್ಠವಾದುದನ್ನು ಸೃಷ್ಟಿಸಿದನೆಂದು ಲೈಬ್‌ನಿಟ್ಸ್ 1710ರಲ್ಲಿ ಬರೆದಿದ್ದ. ಆ ದೈವಶಾಸ್ತ್ರವನ್ನು ಬದಿಗಿಟ್ಟು, ಅದೇ ಚೌಕಟ್ಟನ್ನು ಇಪ್ಪತ್ತನೆಯ ಶತಮಾನದ ತರ್ಕಶಾಸ್ತ್ರಜ್ಞರು ಮತ್ತೆ ಕೈಗೆತ್ತಿಕೊಂಡರು. ಎಲ್ಲ ಸಾಧ್ಯ ಜಗತ್ತುಗಳಲ್ಲೂ ನಿಜವಾಗಿರುವುದು ಅನಿವಾರ್ಯ ಸತ್ಯ. ಎರಡಕ್ಕೆ ಮೂರು ಕೂಡಿದರೆ ಐದು ಎಂಬುದು ಅಂಥದು. ಯಾವುದಾದರೂ ಒಂದರಲ್ಲಿ ನಿಜವಾಗಿದ್ದರೆ ಅದು ಸಾಧ್ಯ. ನಮ್ಮಲ್ಲಿ ನಿಜವಾಗಿದ್ದು ಬೇರೆ ಕೆಲವದರಲ್ಲಿ ಸುಳ್ಳಾಗಿದ್ದರೆ ಅದು ಆಕಸ್ಮಿಕ. ಬೆಂಗಳೂರು ಕರ್ನಾಟಕದ ರಾಜಧಾನಿ ಎಂಬುದು ಈ ಬಗೆಯದು. ಸಾಲ್ ಕ್ರಿಪ್ಕಿ ಹದಿಹರೆಯದಲ್ಲೇ ಬರೆದು 1959ರಲ್ಲಿ ಪ್ರಕಟಿಸಿದ ಲೇಖನದಿಂದ ಈ ವ್ಯಾಖ್ಯೆಗಳಿಗೆ ಗಣಿತದ ಖಚಿತತೆ ಬಂತು.

ಬಸ್ಸಿನಂಥ ವಾಕ್ಯಗಳಿಗೆ ತತ್ವಜ್ಞಾನಿಗಳಾದ ರಾಬರ್ಟ್ ಸ್ಟಾಲ್ನೇಕರ್ 1968ರಲ್ಲೂ ಡೇವಿಡ್ ಲೂಯಿಸ್ 1973ರಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯ ಉತ್ತರ ಕೊಟ್ಟರು. ಬಸ್ಸು ತಪ್ಪದ ಜಗತ್ತುಗಳು ಲೆಕ್ಕವಿಲ್ಲದಷ್ಟಿವೆ. ಕೆಲವದರಲ್ಲಿ ಬಸ್ಸಿಗೆ ರೆಕ್ಕೆಯಿದೆ, ಕೆಲವದರಲ್ಲಿ ಊರೇ ಇಲ್ಲ. ಅವೆಲ್ಲವನ್ನೂ ಬಿಟ್ಟು, ಬಸ್ಸು ತಪ್ಪದೆ ಇರುವುದಕ್ಕೆ ಎಷ್ಟು ಬೇಕೋ ಅಷ್ಟೇ ವ್ಯತ್ಯಾಸವಿರುವ, ಉಳಿದೆಲ್ಲ ನಮ್ಮಂತೆಯೇ ಇರುವ ಜಗತ್ತುಗಳನ್ನು ಆರಿಸಿ. ಅವುಗಳಲ್ಲಿ ನಾನು ಹೊತ್ತಿಗೆ ಸರಿಯಾಗಿ ತಲುಪಿದ್ದರೆ ವಾಕ್ಯ ನಿಜ. ದಾರಿಯಲ್ಲಿ ಆ ದಿನ ಹೇಗೂ ಎರಡು ಗಂಟೆ ಟ್ರಾಫಿಕ್ ನಿಂತಿದ್ದರೆ ವಾಕ್ಯ ಸುಳ್ಳು. ಕಾರಣ ಮತ್ತು ಕಾರ್ಯದ ಸಂಬಂಧ, ತಪ್ಪು ಯಾರದು ಎಂಬ ವಿಚಾರಣೆ, ಹೀಗೆ ಅನೇಕ ಕಡೆ ಈ ಉಪಾಯ ಕೆಲಸಕ್ಕೆ ಬರುತ್ತದೆ.

ಇಷ್ಟಾದರೂ ಆ ಜಗತ್ತುಗಳು ನಿಜವಾಗಿ ಎಲ್ಲಾದರೂ ಇವೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಇಲ್ಲಿ ತತ್ವಜ್ಞಾನಿಗಳಲ್ಲಿ ಎರಡು ಪಕ್ಷ. ಸಾಧ್ಯ ಜಗತ್ತುಗಳನ್ನು ನಾವು ಗೊತ್ತುಪಡಿಸಿಕೊಳ್ಳುತ್ತೇವೆ, ಬಲವಾದ ದೂರದರ್ಶಕದಿಂದ ಕಂಡುಹಿಡಿಯುವುದಿಲ್ಲ ಎಂದು ಕ್ರಿಪ್ಕಿ 1970ರ ಜನವರಿಯಲ್ಲಿ ಪ್ರಿನ್ಸ್‌ಟನ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ ಹೇಳಿದರು. ಬಹುಪಾಲು ತತ್ವಜ್ಞಾನಿಗಳ ನಿಲುವು ಇದರ ಆಸುಪಾಸಿನದೇ: ಸಾಧ್ಯ ಜಗತ್ತು ಒಂದು ಅಮೂರ್ತ ವಿವರಣೆ, ಅದರಲ್ಲಿ ಯಾರೂ ಉಸಿರಾಡುವುದಿಲ್ಲ. ಲೂಯಿಸ್ ಒಪ್ಪಲಿಲ್ಲ. ಪ್ರತಿಯೊಂದು ಸಾಧ್ಯ ಜಗತ್ತೂ ನಮ್ಮದರಷ್ಟೇ ಗಟ್ಟಿಯಾಗಿ, ಕಲ್ಲು ಮಣ್ಣು ಜನರೊಡನೆ ಇದೆ ಎಂದು 1986ರ ತಮ್ಮ ಪುಸ್ತಕದಲ್ಲಿ ಅವರು ಕೊನೆಯವರೆಗೂ ವಾದಿಸಿದರು. ಈ ವಾದಕ್ಕೆ ತಮಗೆ ಎದುರಾಗುವ ಅತಿ ಸಾಮಾನ್ಯ ಆಕ್ಷೇಪವೆಂದರೆ ಕೇಳುಗರ ನಂಬಲಾರದ ದಿಟ್ಟಿಯೇ ಎಂದೂ ಅವರೇ ಬರೆದುಕೊಂಡಿದ್ದಾರೆ. ಅಂದಹಾಗೆ ಎವೆರೆಟ್ ಪ್ರಬಂಧ ಬರೆದದ್ದು, ಕ್ರಿಪ್ಕಿ ಉಪನ್ಯಾಸ ಕೊಟ್ಟದ್ದು, ಲೂಯಿಸ್ 1970ರಿಂದ ಪಾಠ ಹೇಳಿದ್ದು, ಎಲ್ಲವೂ ಪ್ರಿನ್ಸ್‌ಟನ್‌ನಲ್ಲೇ. ಇದು ಕಾಕತಾಳೀಯ.

ವಠಾರದ ಮನೆಗಳು ಮತ್ತು ಕಟ್ಟದೆ ಉಳಿದ ನಕ್ಷೆಗಳು

ಎರಡರ ವ್ಯತ್ಯಾಸವನ್ನು ಕಣ್ಣಿಗೆ ಕಟ್ಟಿಕೊಳ್ಳಲು ಹಳೆಯ ಬೆಂಗಳೂರಿನ ಅಥವಾ ಮೈಸೂರಿನ ಒಂದು ವಠಾರವನ್ನು ನೆನೆಯಬಹುದು. ಅಲ್ಲಿ ಸಾಲಾಗಿ ಮನೆಗಳಿವೆ. ಪಕ್ಕದ ಮನೆಯೊಳಗೆ ಏನು ನಡೆಯುತ್ತಿದೆಯೆಂದು ಗೋಡೆಯ ಈಚೆ ಇರುವವರಿಗೆ ಕಾಣದೆ ಇರಬಹುದು. ಆದರೆ ಎಲ್ಲಕ್ಕೂ ಒಂದೇ ಪಾಯ, ಒಂದೇ ಅಂಗಳ, ಒಂದೇ ಹೊರಬಾಗಿಲು. ಭೌತಶಾಸ್ತ್ರದ ಸಮಾನಾಂತರ ವಿಶ್ವಗಳು ಈ ಮನೆಗಳಂತೆ. ದೂರದ ಪ್ರದೇಶಗಳು ನಮ್ಮದೇ ಆಕಾಶದ ಮುಂದುವರಿಕೆ. ಗುಳ್ಳೆಗಳೆಲ್ಲ ಒಂದೇ ಹಿಗ್ಗುವಿಕೆಯ ಸಂತತಿ. ಎವೆರೆಟ್ ಕವಲುಗಳಿಗೆ ಒಂದೇ ಹಿಂದಿನ ಕಾಲ, ಒಂದೇ ಸಮೀಕರಣ. ಅವು ಇದ್ದರೆ, ಎಲ್ಲವೂ ನಿಜವಾಗಿ ಕಟ್ಟಿ ನಿಂತಿರುವಂಥವು.

ಇನ್ನು ಅದೇ ನಿವೇಶನಕ್ಕೆ ಎಂಜಿನಿಯರು ಹತ್ತು ನಕ್ಷೆಗಳನ್ನು ಬರೆದಿದ್ದರು ಎಂದುಕೊಳ್ಳಿ. ವಠಾರವನ್ನು ಎರಡು ಅಂತಸ್ತಿನದಾಗಿ ಕಟ್ಟಬಹುದಿತ್ತು, ಬಾವಿಯನ್ನು ಹಿಂದಕ್ಕೆ ಹಾಕಬಹುದಿತ್ತು, ವಠಾರವನ್ನೇ ಕಟ್ಟದೆ ತೋಟ ಮಾಡಬಹುದಿತ್ತು. ಕ್ರಿಪ್ಕಿ ಪಕ್ಷದವರ ಸಾಧ್ಯ ಜಗತ್ತುಗಳು ಈ ನಕ್ಷೆಗಳಂತೆ. ಕಟ್ಟಿದ ವಠಾರದಲ್ಲಿ ಎಷ್ಟೇ ಮನೆಗಳಿರಲಿ, ಅವೆಲ್ಲ ಸೇರಿ ಒಂದು ನಕ್ಷೆಯನ್ನಷ್ಟೇ ನಿಜಮಾಡುತ್ತವೆ. ಲೂಯಿಸ್ ಅವರ ಮಾತನ್ನು ಇದೇ ಭಾಷೆಯಲ್ಲಿ ಹೇಳುವುದಾದರೆ, ಪ್ರತಿ ನಕ್ಷೆಯ ಕಟ್ಟಡವೂ ಒಂದೊಂದು ದೇಶದಲ್ಲಿ ಎದ್ದು ನಿಂತಿದೆ, ಆದರೆ ಒಂದು ದೇಶದಿಂದ ಇನ್ನೊಂದಕ್ಕೆ ದಾರಿಯೂ ಇಲ್ಲ, ದೂರವೆಂಬ ಅಳತೆಯೂ ಇಲ್ಲ.

ಕೊನೆಯ ಮಾತು ಲೂಯಿಸ್ ಅವರ ಸಿದ್ಧಾಂತದಲ್ಲಿ ಒಂದು ನಿಯಮವೇ ಆಗಿದೆ. ಎರಡು ವಸ್ತುಗಳ ನಡುವೆ ಸ್ಥಳದ ಅಥವಾ ಕಾಲದ ಯಾವುದಾದರೂ ಸಂಬಂಧವಿದ್ದರೆ ಅವು ಒಂದೇ ಜಗತ್ತಿನವು. ಇಲ್ಲವಾದರೆ ಬೇರೆ ಜಗತ್ತಿನವು. ಈ ಅಳತೆಗೋಲನ್ನು ಹಿಡಿದರೆ ಗುಳ್ಳೆ ವಿಶ್ವಗಳೆಲ್ಲ, ಕವಲುಗಳೆಲ್ಲ ಸೇರಿ ಒಂದೇ ಸಾಧ್ಯ ಜಗತ್ತಾಗುತ್ತವೆ. ಭೌತವಿಜ್ಞಾನಿ ಎಷ್ಟು ವಿಶ್ವಗಳನ್ನು ಸೇರಿಸಿದರೂ ತತ್ವಜ್ಞಾನಿಯ ಎಣಿಕೆ ಒಂದನ್ನು ದಾಟುವುದಿಲ್ಲ. ಬಹುವಿಶ್ವವೇ ಇಲ್ಲದೆ ಇರಬಹುದಾಗಿತ್ತು ಎಂಬುದು ಇನ್ನೊಂದು ಸಾಧ್ಯ ಜಗತ್ತು.

ಆಗಬಹುದಾದದ್ದೆಲ್ಲ ಎಲ್ಲೋ ಆಗುತ್ತದೆಯೇ

ಬಹುವಿಶ್ವದ ಕುರಿತು ಹೆಚ್ಚಾಗಿ ಕೇಳಿಬರುವ ಮಾತೆಂದರೆ, ಆಗಬಹುದಾದ ಎಲ್ಲವೂ ಯಾವುದೋ ಒಂದು ವಿಶ್ವದಲ್ಲಿ ಆಗಿಯೇ ಇರುತ್ತದೆ ಎಂಬುದು. ಲೂಯಿಸ್ ಅವರ ಜಗತ್ತುಗಳ ಮಟ್ಟಿಗೆ ಇದು ಸರಿ, ಏಕೆಂದರೆ ಅವನ್ನು ಒಪ್ಪಿದ್ದೇ ಎಲ್ಲ ಸಾಧ್ಯತೆಗಳಿಗೂ ಜಾಗ ಕೊಡುವುದಕ್ಕಾಗಿ. ಭೌತಶಾಸ್ತ್ರದ ವಿಶ್ವಗಳಿಗೆ ಇದನ್ನು ಅನ್ವಯಿಸಲಾಗದು. ಎವೆರೆಟ್ ಕವಲುಗಳೆಲ್ಲ ಒಂದೇ ಸಮೀಕರಣಕ್ಕೆ, ಒಂದೇ ಆರಂಭದ ಸ್ಥಿತಿಗೆ ಬದ್ಧವಾದವು. ಆ ಸಮೀಕರಣ ಬಿಡದಿರುವುದು ಯಾವ ಕವಲಿನಲ್ಲೂ ನಡೆಯುವುದಿಲ್ಲ. ಗುರುತ್ವ ಬಲವು ದೂರದ ವರ್ಗದ ಬದಲು ಘನಕ್ಕೆ ತಕ್ಕಂತೆ ಕುಗ್ಗುವ ಜಗತ್ತನ್ನು ವಿರೋಧವಿಲ್ಲದೆ ಕಲ್ಪಿಸಿಕೊಳ್ಳಬಹುದು, ಆದ್ದರಿಂದ ತತ್ವಜ್ಞಾನಿಗೆ ಅದು ಸಾಧ್ಯ. ಕವಲುಗಳಲ್ಲಿ ಹುಡುಕಿದರೆ ಅದು ಸಿಗಲಾರದು.

ಅನಂತ ಎಂಬ ಪದವೂ ಇಲ್ಲಿ ದಾರಿ ತಪ್ಪಿಸುತ್ತದೆ. ಸರಿಸಂಖ್ಯೆಗಳು ಅನಂತವಾಗಿವೆ, ಆದರೂ ಅವುಗಳಲ್ಲಿ ಮೂರು ಇಲ್ಲ. ಹಾಗಾಗಿ, ಕಲಾ ವಿಭಾಗವನ್ನು ಆರಿಸಿಕೊಂಡ ನಾನು ಇನ್ನೊಂದು ಕವಲಿನಲ್ಲಿ ಇದ್ದೇನೆಯೇ ಎಂಬ ಪ್ರಶ್ನೆಗೆ ಉತ್ತರ, ಆ ನಿರ್ಧಾರ ಮಿದುಳಿನೊಳಗೆ ಯಾವುದಾದರೂ ಕ್ವಾಂಟಂ ಘಟನೆಯಿಂದ ಕವಲೊಡೆಯುವಂಥದ್ದಾಗಿತ್ತೇ ಎಂಬುದನ್ನು ಅವಲಂಬಿಸಿದೆ. ನಾವು ಒಂದು ಆಯ್ಕೆ ಮಾಡಿದೊಡನೆ ವಿಶ್ವ ಒಡೆಯುತ್ತದೆ ಎಂದು ಎವೆರೆಟ್ ಎಲ್ಲೂ ಹೇಳಿಲ್ಲ. ಅದು ಸಿನಿಮಾದ ಸೇರ್ಪಡೆ. ಅದೇ ಪ್ರಶ್ನೆಯನ್ನು ತತ್ವಜ್ಞಾನಿಯ ಮುಂದಿಟ್ಟರೆ, ನೀವು ಕಲಾ ವಿಭಾಗವನ್ನು ಆರಿಸಬಹುದಾಗಿದ್ದ ಸಾಧ್ಯ ಜಗತ್ತು ಖಂಡಿತ ಇದೆ ಎಂದು ಯಾವ ಪ್ರಯೋಗವೂ ಇಲ್ಲದೆ ಹೇಳಿಬಿಡುತ್ತಾರೆ.

ಪರೀಕ್ಷಿಸುವ ಬಗೆ

ಗುಳ್ಳೆ ವಿಶ್ವಗಳು ಎಂದಾದರೂ ಒಂದಕ್ಕೊಂದು ಡಿಕ್ಕಿ ಹೊಡೆದಿದ್ದರೆ, ಆರಂಭದ ವಿಶ್ವದಿಂದ ಉಳಿದುಬಂದಿರುವ ಮೈಕ್ರೋವೇವ್ ಬೆಳಕಿನಲ್ಲಿ ದುಂಡನೆಯ ಗುರುತು ಬಿದ್ದಿರಬೇಕು. ಆ ಬೆಳಕನ್ನು ಅಳೆದ ಡಬ್ಲ್ಯುಮ್ಯಾಪ್ ಉಪಗ್ರಹ ಕಳಿಸಿದ ಮಾಹಿತಿಯಲ್ಲಿ ಅಂಥ ಗುರುತನ್ನು ಹುಡುಕಿದ್ದಾರೆ. ಭರವಸೆಯಿಂದ ಹೇಳುವಂಥದ್ದು ಸಿಗಲಿಲ್ಲ. ಎವೆರೆಟ್ ವ್ಯಾಖ್ಯಾನವನ್ನು ನೇರವಾಗಿ ದೃಢಪಡಿಸುವುದು ಕಷ್ಟವಾದರೂ ಕೆಡವಲು ದಾರಿಯಿದೆ. ದೊಡ್ಡ ವಸ್ತುಗಳಲ್ಲಿ ಸೂಪರ್‌ಪೊಸಿಷನ್ ತಾನಾಗಿಯೇ ಮುರಿದುಬೀಳುತ್ತದೆ ಎಂದು ಗಿರಾರ್ಡಿ, ರಿಮಿನಿ, ವೆಬರ್ ಎಂಬ ಮೂವರು 1986ರಲ್ಲಿ ಒಂದು ಸಿದ್ಧಾಂತ ಮಂಡಿಸಿದ್ದರು. ಅಂಥ ಮುರಿತ ಪ್ರಯೋಗದಲ್ಲಿ ಕಂಡರೆ ಶ್ರೋಡಿಂಗರ್ ಸಮೀಕರಣ ಎಲ್ಲ ಕಡೆಯೂ ನಡೆಯುತ್ತದೆ ಎಂಬ ಎವೆರೆಟ್ ಆಧಾರವೇ ಕುಸಿಯುತ್ತದೆ. 2019ರಲ್ಲಿ ವಿಯೆನ್ನಾದ ಪ್ರಯೋಗಾಲಯವೊಂದು ಸುಮಾರು 2000 ಪರಮಾಣುಗಳಿರುವ ಅಣುಗಳನ್ನು ಫೋಟಾನಿನಂತೆಯೇ ಎರಡು ದಾರಿಗಳ ಸ್ಥಿತಿಯಲ್ಲಿ ಇರಿಸಿ ತೋರಿಸಿತು. ಆ ಗಾತ್ರದವರೆಗೆ ಮುರಿತ ಕಂಡಿಲ್ಲ.

ಸಾಧ್ಯ ಜಗತ್ತುಗಳಿಗೆ ಇಂಥ ಯಾವ ಪರೀಕ್ಷೆಯೂ ಇಲ್ಲ, ಇರಲಾರದು. ಲೂಯಿಸ್ ಅವರ ಜಗತ್ತಿನಿಂದ ಒಂದು ಕಿರಣವಾದರೂ ಇಲ್ಲಿಗೆ ಬಂದರೆ, ಅವರದೇ ನಿಯಮದ ಪ್ರಕಾರ ಅದು ನಮ್ಮ ಜಗತ್ತಿನ ಭಾಗವಾಗಿಬಿಡುತ್ತದೆ. ಅವರ ವಾದ ನಿಂತಿದ್ದು ಉಪಯೋಗದ ಮೇಲೆ. ಗಣಿತಜ್ಞರು ಗಣಗಳನ್ನು ಒಪ್ಪುವುದು ಅವನ್ನು ಕಂಡದ್ದರಿಂದಲ್ಲ, ಅವುಗಳಿಂದ ಗಣಿತಕ್ಕೆ ಒಂದು ವ್ಯವಸ್ಥೆ ಬರುವುದರಿಂದ. ತತ್ವಶಾಸ್ತ್ರಕ್ಕೆ ಅಷ್ಟೇ ವ್ಯವಸ್ಥೆ ತರುವ ಸಾಧ್ಯ ಜಗತ್ತುಗಳನ್ನು ಒಪ್ಪಲು ಹಿಂಜರಿಕೆ ಏಕೆ ಎಂದು ಅವರು ಕೇಳಿದರು. ಈ ವಾದ ಸರಿಯೋ ತಪ್ಪೋ ಎಂಬುದನ್ನು ವಾದದಿಂದಲೇ ತೀರ್ಮಾನಿಸಬೇಕು. ಬಹುವಿಶ್ವಕ್ಕೆ ಪುರಾವೆ ಸಿಕ್ಕಿತೆಂದು ನಾಳೆ ಸುದ್ದಿ ಬಂದರೂ ಲೂಯಿಸ್ ಗೆದ್ದಂತಾಗುವುದಿಲ್ಲ, ಅದು ಸುಳ್ಳೆಂದು ಗೊತ್ತಾದರೂ ಅವರು ಸೋತಂತಾಗುವುದಿಲ್ಲ.

ಅಲ್ಲಿರುವುದು ನಾನೇ ಎಂಬ ಪ್ರಶ್ನೆ

ಇಷ್ಟು ವ್ಯತ್ಯಾಸವಿದ್ದರೂ ಎರಡು ವಿಚಾರಗಳು ಒಂದು ಕಡೆ ಹತ್ತಿರ ಬರುತ್ತವೆ. ನಮ್ಮ ಜಗತ್ತು ಮಾತ್ರ ನಿಜ ಎನ್ನುವಾಗ, ನಿಜ ಎಂಬುದು ಇಲ್ಲಿ ಎಂಬ ಪದದಂತೆ ಕೆಲಸ ಮಾಡುತ್ತದೆ, ಹೇಳುವವರು ಇರುವ ಜಾಗವನ್ನು ಅದು ತೋರಿಸುತ್ತದೆ, ಬೇರೆ ಜಗತ್ತಿನವರೂ ತಮ್ಮದನ್ನೇ ನಿಜವೆನ್ನುತ್ತಾರೆ ಎಂಬುದು ಲೂಯಿಸ್ ಅಭಿಪ್ರಾಯ. ಎವೆರೆಟ್ 1957ರಲ್ಲಿ ತಮ್ಮ ಲೇಖನ ಅಚ್ಚಿಗೆ ಹೋಗುವಾಗ ಸೇರಿಸಿದ ಒಂದು ಟಿಪ್ಪಣಿಯಲ್ಲಿ ಇದನ್ನು ಹೋಲುವ ಮಾತಿದೆ. ಒಂದು ಕವಲು ಮಾತ್ರ ನಿಜವಾಗಿರಬೇಕಲ್ಲವೇ ಎಂಬ ಆಕ್ಷೇಪಕ್ಕೆ, ಎಲ್ಲ ಕವಲುಗಳೂ ನಿಜ, ಯಾವುದೂ ಇನ್ನೊಂದಕ್ಕಿಂತ ಹೆಚ್ಚು ನಿಜವಲ್ಲ ಎಂದು ಅವರು ಉತ್ತರಿಸಿದರು. ಕವಲೊಡೆಯುವುದು ನಮ್ಮ ಅನುಭವಕ್ಕೆ ಬರುವುದಿಲ್ಲ ಎನ್ನುವವರಿಗೆ, ಭೂಮಿ ತಿರುಗುವುದೂ ಅನುಭವಕ್ಕೆ ಬರುವುದಿಲ್ಲವೆಂದು ಕೋಪರ್ನಿಕಸ್‌ನನ್ನು ಆಕ್ಷೇಪಿಸಿದ್ದನ್ನು ನೆನಪಿಸಿದರು.

ಆದರೆ ಅಲ್ಲಿರುವವನು ನಾನೇ ಎಂಬ ವಿಷಯಕ್ಕೆ ಬಂದೊಡನೆ ದಾರಿಗಳು ಮತ್ತೆ ಬೇರೆಯಾಗುತ್ತವೆ. 1968ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಹ್ಯೂಬರ್ಟ್ ಹಂಫ್ರಿ ನಿಕ್ಸನ್ ಎದುರು ಸೋತರು. ಅವರು ಗೆಲ್ಲಬಹುದಾಗಿತ್ತು ಎಂದರೆ, ಲೂಯಿಸ್ ಪ್ರಕಾರ, ಬೇರೊಂದು ಜಗತ್ತಿನಲ್ಲಿ ಹಂಫ್ರಿಯನ್ನು ಬಹಳ ಹೋಲುವ ಒಬ್ಬ ವ್ಯಕ್ತಿ ಗೆದ್ದಿದ್ದಾನೆ ಎಂದರ್ಥ. ತನ್ನಂತಿರುವ ಇನ್ನೊಬ್ಬ ಎಲ್ಲೋ ಗೆದ್ದರೆ ಹಂಫ್ರಿಗೇನು ಬಂತು, ಅವರಿಗೆ ಬೇಕಿದ್ದದ್ದು ತಾನು ಗೆಲ್ಲುವುದಲ್ಲವೇ ಎಂದು ಕ್ರಿಪ್ಕಿ ಕೇಳಿದರು. ಎವೆರೆಟ್ ಕವಲುಗಳ ಸ್ಥಿತಿ ಹಾಗಲ್ಲ: ಕವಲೊಡೆಯುವ ಮೊದಲು ಇದ್ದವರು ಒಬ್ಬರೇ, ಎರಡೂ ಕವಲಿನವರಿಗೆ ಅದೇ ಬಾಲ್ಯ, ಅದೇ ನೆನಪು.

ಇದರ ಪರಿಣಾಮವನ್ನು ಲೂಯಿಸ್ ಅವರೇ 2001ರ ಜೂನ್‌ನಲ್ಲಿ ಕ್ಯಾನ್‌ಬೆರಾದಲ್ಲಿ ಕೊಟ್ಟ ಉಪನ್ಯಾಸವೊಂದರಲ್ಲಿ ಎತ್ತಿಕೊಂಡರು. ಎವೆರೆಟ್ ಸರಿಯಾದರೆ, ಪ್ರತಿಯೊಂದು ಅಪಾಯದಿಂದಲೂ ನಾನು ಪಾರಾಗುವ ಒಂದು ಕವಲು ಇದ್ದೇ ಇರುತ್ತದೆ. ಸತ್ತ ಕವಲಿನಲ್ಲಿ ಅನುಭವಿಸಲು ನಾನಿಲ್ಲ. ಆದ್ದರಿಂದ ಸದಾ ಬದುಕುಳಿಯುವುದನ್ನೇ ನಾನು ನಿರೀಕ್ಷಿಸಬೇಕು, ಅದೂ ದಿನೇ ದಿನೇ ಜರ್ಜರಿತನಾಗುತ್ತ. ಇದು ನಿಜವಾಗದಿರಲಿ ಎಂದ ಅವರು, ಕ್ವಾಂಟಂ ಕಂಪ್ಯೂಟರಿನ ಉತ್ಸಾಹಿಗಳು ನಡುಗಬೇಕೆಂದೂ ಎಚ್ಚರಿಸಿದರು. ಅನಂತ ಜಗತ್ತುಗಳನ್ನು ನಂಬಿದ್ದ ಮನುಷ್ಯನಿಗೆ ಕವಲುಗಳ ಕುರಿತು ಇಷ್ಟು ಭಯವೇಕೆ ಎಂದು ಮೊದಲು ಓದುವವರಿಗೆ ಅಚ್ಚರಿಯಾಗುತ್ತದೆ. ಕಾರಣ ಮೇಲೆ ಹೇಳಿದ್ದೇ: ತಮ್ಮ ಸಾಧ್ಯ ಜಗತ್ತುಗಳಲ್ಲಿರುವವರು ಅವರ ಪಾಲಿಗೆ ಬೇರೆ ಜನ, ಕವಲುಗಳಲ್ಲಿರುವವರು ತಮ್ಮದೇ ನಾಳೆ. ಎವೆರೆಟ್ ಪಕ್ಷದ ಹಲವರು ಈ ನಿರ್ಣಯವನ್ನು ಒಪ್ಪುವುದಿಲ್ಲ. ಬದುಕುಳಿದ ಕವಲಿನ ತೂಕ ತೀರ ಕಡಿಮೆಯಾಗಿರುವಾಗ ಅದನ್ನು ನಿರೀಕ್ಷಿಸುವುದು ಸರಿಯಲ್ಲ ಎನ್ನುತ್ತಾರೆ. ಆದರೆ ತೂಕ ಎಂದರೇನು? ಅರೆಗನ್ನಡಿಯ ಬದಲು ನೂರಕ್ಕೆ ತೊಂಬತ್ತರಷ್ಟು ಬೆಳಕನ್ನು ಪ್ರತಿಫಲಿಸುವ ಗಾಜನ್ನು ಇಟ್ಟರೂ ಕವಲುಗಳು ಎರಡೇ, ಎರಡೂ ನಿಜವೇ. ಹಾಗಿರುವಾಗ ಒಂದು ಇನ್ನೊಂದಕ್ಕಿಂತ ಒಂಬತ್ತು ಪಟ್ಟು ಸಂಭವನೀಯ ಎನ್ನುವುದರ ಅರ್ಥವನ್ನು ಡಾಯ್ಚ್ 1999ರಿಂದ, ಅನಂತರ ಡೇವಿಡ್ ವಾಲೆಸ್, ವಿವೇಕಿಯೊಬ್ಬ ಹೇಗೆ ಪಣ ಕಟ್ಟಬೇಕು ಎಂಬುದರ ಮೂಲಕ ವಿವರಿಸಲು ಯತ್ನಿಸಿದ್ದಾರೆ. ಈ ಚರ್ಚೆ ಇನ್ನೂ ಮುಗಿದಿಲ್ಲ.

ಎರಡನ್ನೂ ಒಂದಾಗಿಸುವ ಪ್ರಯತ್ನ

ಇವೆರಡನ್ನೂ ಬೇರೆ ಇಡಬೇಕೆಂದು ಎಲ್ಲರೂ ಒಪ್ಪಿಲ್ಲ. ಎವೆರೆಟ್ ಕವಲುಗಳೇ ಸಾಧ್ಯ ಜಗತ್ತುಗಳು ಎಂದು ಬ್ರಿಟನ್ನಿನ ತತ್ವಜ್ಞಾನಿ ಅಲಾಸ್ಟೇರ್ ವಿಲ್ಸನ್ 2020ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಾದಿಸಿದ್ದಾರೆ. ಅವರ ಪ್ರಕಾರ ಕವಲುಗಳನ್ನು ಒಂದು ಕಾಂಡದಿಂದ ಒಡೆದವೆಂದು ತಿಳಿಯದೆ, ಮೊದಲಿನಿಂದಲೂ ಬೇರೆಬೇರೆಯಾಗಿದ್ದು ಒಂದು ಹಂತದವರೆಗೆ ಒಂದೇ ತೆರನಾಗಿ ಸಾಗಿಬಂದ ಜಗತ್ತುಗಳೆಂದು ತಿಳಿಯಬೇಕು. ಹಾಗೆ ತಿಳಿದರೆ, ಒಂದು ಕವಲಿನಲ್ಲಿ ನಡೆದು ಇನ್ನೊಂದರಲ್ಲಿ ನಡೆಯದಿರುವುದೇ ಆಕಸ್ಮಿಕ, ಎಲ್ಲ ಕವಲುಗಳಲ್ಲೂ ನಡೆಯುವುದೇ ಅನಿವಾರ್ಯ ಎಂದಾಗುತ್ತದೆ. ತತ್ವಶಾಸ್ತ್ರವು ಕೇಳುತ್ತಿದ್ದ ಸಾಧ್ಯತೆ ಎಂದರೇನು ಎಂಬ ಪ್ರಶ್ನೆಗೆ ಭೌತಶಾಸ್ತ್ರ ಉತ್ತರ ಒದಗಿಸಿದಂತಾಗುತ್ತದೆ. ಲೂಯಿಸ್ ಅವರ ಜಗತ್ತುಗಳಂತೆ ಬರಿಯ ಉಪಯೋಗದ ಆಧಾರದ ಮೇಲೆ ಅವನ್ನು ಒಪ್ಪಬೇಕಾಗಿಯೂ ಇಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಎಲ್ಲ ಕವಲುಗಳಿಗೂ ಕ್ವಾಂಟಂ ನಿಯಮಗಳು ಸಮಾನವಾದ್ದರಿಂದ, ಈ ಮತದಲ್ಲಿ ಆ ನಿಯಮಗಳು ಎರಡಕ್ಕೆ ಮೂರು ಕೂಡಿದರೆ ಐದು ಎಂಬಷ್ಟೇ ಅನಿವಾರ್ಯವಾಗಿಬಿಡುತ್ತವೆ. ವಿಶ್ವದ ಮೂಲ ನಿಯಮಗಳೇ ಬೇರೆಯಾಗಿರಬಹುದಾಗಿತ್ತು ಎಂದು ಯಾರಾದರೂ ಹೇಳಿದರೆ, ಆ ಮಾತಿಗೆ ಆಧಾರವಾಗಿ ತೋರಿಸಲು ವಿಲ್ಸನ್ ಅವರ ಬಳಿ ಒಂದು ಜಗತ್ತೂ ಇಲ್ಲ. ಗುರುತ್ವದ ಸೂತ್ರ ಬೇರೆಯಿರುವ ಜಗತ್ತು ಅಸಾಧ್ಯ ಎಂದೇ ಅವರು ಹೇಳಬೇಕಾಗುತ್ತದೆ. ಅಂಥ ಜಗತ್ತನ್ನು ಕುರಿತು ಅರ್ಥಪೂರ್ಣವಾಗಿ ಮಾತಾಡಬಹುದು ಎಂಬುದರಲ್ಲಿ ಲೂಯಿಸ್ ಅವರಿಗೆ ಸಂಶಯವಿರಲಿಲ್ಲ.